ಮೊದಲ ಭಾನುವಾರದ ಚಪ್ಪಲಿ ಕಾವಲು

ಆ ಶನಿವಾರ ನಮ್ಮ ಸೋದರಮಾವನನ್ನು ಕಾರಿನಲ್ಲಿ ಕೂರಿಸಿಕೊಂಡು ಬಳ್ಳಾರಿಯಿಂದ ಕುರುಗೋಡಿಗೆ ಹೊರಟಾಗ, ಏನೇನು ಕೆಡಬಹುದೆಂದು ನಾನು ಮೊದಲೇ ಯೋಚಿಸಿಟ್ಟಿದ್ದೆ. ನಮ್ಮ ಹಳೆಯ ಕಾರು ಅರ್ಧ ದಾರಿಯಲ್ಲೇ ಹೊಗೆ ಬಿಡಬಹುದು. ಮಾವನ ಮೊಣಕಾಲು ಹಿಡಿದುಕೊಂಡರೆ ಅವರನ್ನು ಇಳಿಸಲು ನಾಲ್ಕು ಜನ ಬೇಕಾಗಬಹುದು. ಹೋದ ಮನೆಯವರು ಬಾಗಿಲು ಹಾಕಿಕೊಳ್ಳಬಹುದು, ಇಲ್ಲವೇ ಬಾಗಿಲು ತೆರೆದು ಬೈಯಬಹುದು. ಕಾರಿನ ಕನ್ನಡಿಗೆ ನೇತುಬಿದ್ದ ಶಿಲುಬೆಯನ್ನು ನೋಡಿ ಯಾರಾದರೂ ‘ಮತಾಂತರ ಮಾಡಾಕ ಬಂದಾರ’ ಎಂದು ಫೋನಿನಲ್ಲಿ ಚಿತ್ರ ಹಿಡಿದು ಊರಿಗೆಲ್ಲ ಹಂಚಬಹುದು. ಪೊಲೀಸರು ಬರಬಹುದು. ಬಂದರೆ ಮಾವ ಅವರ ಕ್ಷಮೆಯನ್ನೂ ಕೇಳಿ, ಇಲ್ಲದ ತಪ್ಪನ್ನೆಲ್ಲ ಒಪ್ಪಿಕೊಂಡುಬಿಡಬಹುದು! ನಾನು ಶಿಲುಬೆಯನ್ನು ಬಿಚ್ಚಿ ಒಳಗಿಟ್ಟೆ. ಹಾಗೆ ಮಾಡಿದ್ದಕ್ಕೆ ಟೈರು ಪಂಕ್ಚರ್ ಆದೀತೆಂದು ಹೆದರಿ ಮತ್ತೆ ನೇತುಹಾಕಿದೆ.

ಕೆಲವರಿಗೆ ಎಲೆ ಅಡಿಕೆಯ ಚಟ, ಕೆಲವರಿಗೆ ಇಸ್ಪೀಟಿನದು. ನಮ್ಮ ಮಾವನಿಗೆ ಕ್ಷಮೆ ಕೇಳುವ ಚಟ.

ನಮ್ಮ ಚರ್ಚಿನಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ರೊಟ್ಟಿಯ ಒಂದು ತುಣುಕು, ದ್ರಾಕ್ಷಾರಸದ ಒಂದು ಗುಟುಕು. ಯಾರೊಡನೆ ಮನಸ್ತಾಪವಿದೆಯೋ ಅವರೊಡನೆ ಸರಿಮಾಡಿಕೊಂಡು ಬನ್ನಿ ಎಂದು ಪಾಸ್ಟರು ಪ್ರತಿ ತಿಂಗಳೂ ಹೇಳುತ್ತಾರೆ. ನಾವು ಪ್ರತಿ ತಿಂಗಳೂ ತಲೆಯಾಡಿಸಿ, ಮನೆಗೆ ಬಂದು ಬಿರಿಯಾನಿ ತಿನ್ನುತ್ತೇವೆ. ಆ ಮಾತನ್ನು ನಂಬಿ ನಿಜವಾಗಿಯೂ ಹೊರಟುಬಿಡುವವರು ಮಾವ ಒಬ್ಬರೇ. ಹಿಂದಿನ ದಿನ ಶನಿವಾರ ಬೆಳಗಾದರೆ ಸಾಕು, ಇಸ್ತ್ರಿ ಅಂಗಿ ತೊಟ್ಟು ಓಣಿಗೆ ಇಳಿಯುತ್ತಾರೆ. ಯಾರಿಗೂ ಒಂದು ಕರಪತ್ರ ಕೊಟ್ಟವರಲ್ಲ, ಯಾರಿಗೂ ಉಪದೇಶ ಮಾಡಿದವರಲ್ಲ. ಕ್ಷಮೆ ಕೇಳುತ್ತಾರೆ, ಅಷ್ಟೆ. ತೊಂದರೆ ಏನೆಂದರೆ, ಮನಸ್ಸಿನೊಳಗೆ ಮಾಡಿದ ತಪ್ಪಿಗೂ ಮನೆಬಾಗಿಲಿಗೆ ಬರುತ್ತಾರೆ.

ಪಕ್ಕದ ಮನೆಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಟೇಲರ್ ಇದ್ದಾನೆ. ಮಾವ ಅವನ ಮುಂದೆ ಹೋಗಿ ಕೈಮುಗಿದು ನಿಂತರು.

“ನಿನ್ನ ಮಿಷಿನ್ ಸಪ್ಪಳಕ್ಕ ನಿನ್ನ ಬೈದಿದ್ದೆಪಾ. ತಪ್ಪಾತು.”

“ನನಗೇನೂ ಕೇಳಿಸಿಲ್ರಿ.”

“ಮನಸಿನಾಗ ಬೈದಿದ್ದೆ.”

“ಮತ್ತ ಅಲ್ಲೇ ಇಟ್ಕೋಬೇಕಿಲ್ರಿ? ಆರಾಮ ಇದ್ದೆ ನಾನು.”

ಸಿರುಗುಪ್ಪದಲ್ಲಿ ನಮ್ಮ ಬೀಗರು ಮಗಳ ಮದುವೆ ಮಾಡಿದರು. ಆ ತಿಂಗಳು ಮಾವ ಬಸ್ಸು ಹತ್ತಿ ಅಲ್ಲಿಗೇ ಹೋದರು. “ಅಕ್ಕಿ ಬೆಳೆಯೋ ಊರಾಗ ಅನ್ನ ಹಿಂಗ ಮುದ್ದಿ ಆಗೇತಲ್ಲ ಅಂತ ಒಳಗೊಳಗ ನಕ್ಕಿದ್ದೆ, ಬೀಗರೆ. ಮನಸಿನಾಗ ಇಟ್ಕೋಬ್ಯಾಡ್ರಿ.” ಅನ್ನ ಮುದ್ದೆಯಾಗಿತ್ತೆಂದು ಬೀಗರಿಗೆ ಗೊತ್ತಾದದ್ದೇ ಆಗ! ಅವರು ಮಾತು ಬಿಟ್ಟರು. ಮುಂದಿನ ತಿಂಗಳು ಮಾವ ಮತ್ತೆ ಸಿರುಗುಪ್ಪಕ್ಕೆ ಹೋದರು, ಕ್ಷಮೆ ಕೇಳಿದ್ದಕ್ಕೆ ಕ್ಷಮೆ ಕೇಳಲು.

ನನ್ನನ್ನು ಬಿಟ್ಟಾರೆಯೇ? ಒಂದು ಶನಿವಾರ ನಾನು ಹಲ್ಲುಜ್ಜುತ್ತಿದ್ದಾಗಲೇ ಬಂದರು. “ಲೇ ಅಳಿಯಾ, ನಿನ್ನ ಪುಕ್ಕಲ ಅಂದ್ಕೊಂಡಿದ್ದೆ. ತಪ್ಪಾತು.”

“ಯಾವಾಗ ಮಾವ?”

“ದಿನಾ.”

ಆದರೂ ಒಂದು ಮಾತು ಹೇಳಲೇಬೇಕು. ನಮ್ಮ ಓಣಿಯಲ್ಲಿ ಎಲ್ಲ ದೇವರ ಮಕ್ಕಳೂ ಇದ್ದಾರೆ, ನಲ್ಲಿ ಮಾತ್ರ ಒಂದೇ. ಆ ನಲ್ಲಿಯ ಜಗಳದಲ್ಲಿ ಒಂದು ವರ್ಷ ಮುಖ ತಿರುಗಿಸಿಕೊಂಡಿದ್ದ ಟೇಲರ್, ಒಂದು ಶನಿವಾರ ತಾನಾಗಿಯೇ ಎದುರು ಮನೆಯ ಅಜ್ಜಿಯ ಬಳಿ ಹೋಗಿ ತಪ್ಪಾಯಿತೆಂದ. ಮಾವ ಒಂದು ತಿಂಗಳು ಬರದಿದ್ದರೆ ಅದೇ ಅಜ್ಜಿ ಕೇಳುತ್ತಾರೆ, “ಯಾಕಪಾ, ಈ ಸಲ ನನ್ನ ಮ್ಯಾಲ ಸಿಟ್ಟೇ ಬರ್ಲಿಲ್ಲೇನು ನಿನಗ?”

ಇಷ್ಟೆಲ್ಲ ಓಡಾಡಿ ತಯಾರಾಗುವ ಮನುಷ್ಯ ಭಾನುವಾರ ಮಾಡುವುದೇನು ಗೊತ್ತೆ? ಎಲ್ಲರೂ ಭೋಜನಕ್ಕೆ ಮುಂದೆ ಹೋಗುವಾಗ ತಾವು ಎದ್ದು ಹೊರಗೆ ಹೋಗುತ್ತಾರೆ. ಬಾಗಿಲ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ. ಅದರ ಮೇಲೆ ಕೂತು, ನಾವು ಬಿಟ್ಟ ಚಪ್ಪಲಿಗಳನ್ನು ಕಾಯುತ್ತಾರೆ. ಕೇಳಿದರೆ, “ಯಾರಾರ ಒಬ್ರು ನೋಡ್ಕೋಬೇಕಲ್ಲಲೇ” ಎಂಬ ಉತ್ತರ. ಇದೂ ಒಂದು ಹುಚ್ಚು ಎಂದು ನಾವು ನಕ್ಕು ಸುಮ್ಮನಾಗಿದ್ದೆವು. ಚಪ್ಪಲಿಗಳಂತೂ ಸುರಕ್ಷಿತವಾಗಿದ್ದವು.

ಈ ಸಲ ಮೊಣಕಾಲು ನೋವಿನಿಂದ ಬಸ್ಸು ಹತ್ತಲಾಗದೆ ನನ್ನನ್ನು ಕರೆದಿದ್ದರು. ಊರು ದಾಟಿದ ಮೇಲೆ ಕೇಳಿದೆ, “ಕುರುಗೋಡಿನಾಗ ಯಾರನ್ನ ಬೈಕೊಂಡಿದ್ದಿ ಮಾವ?”

ಅವರು ನಗಲಿಲ್ಲ. ಮಾಸ್ತರಿಕೆಯಲ್ಲಿದ್ದಾಗ ತಮ್ಮ ಜೊತೆಗಿದ್ದ ಇನ್ನೊಬ್ಬ ಮಾಸ್ತರರ ಮನೆಗೆ ಹೋಗುತ್ತಿದ್ದೇವೆ ಎಂದರು.

“ಪರೀಕ್ಷಾ ದಿನ ಅವಗ ಹಾಕಿದ್ದ ಕೋಣ್ಯಾಗ ಫ್ಯಾನ್ ಇತ್ತು. ಬಿಸಿಲಿಗೆ ತಡೀಲಾರದ ನಾನೇ ಬೇಡ್ಕೊಂಡು ಅದಲು ಬದಲು ಮಾಡ್ಕೊಂಡೆ. ಗಾಳಿಗೆ ನಿದ್ದಿ ಹತ್ತಿಬಿಡ್ತು. ಹುಡುಗ್ರು ನಕಲು ಹೊಡೆದ್ರು, ಸಿಕ್ಕೊಂಡ್ರು. ಡ್ಯೂಟಿ ಕಾಗದದಾಗ ಆ ಕೋಣಿಗೆ ಅವನ ಹೆಸರಿತ್ತು. ವಿಚಾರಣಿ ಆದಾಗ ನಾ ಬಾಯಿ ಬಿಡ್ಲಿಲ್ಲ.”

“ಆಮ್ಯಾಲ?”

“ಅವನ್ನ ದೂರದ ಊರಿಗೆ ಎತ್ತಿ ಹಾಕಿದ್ರು. ಅಲ್ಲಿದ್ದಾಗ ಅವರವ್ವ ತೀರಿಕೊಂಡ್ಲು. ಅವ ಬಂದು ಮುಟ್ಟೋದ್ರಾಗ ಮಣ್ಣು ಮಾಡಿದ್ರು. ಆಗ ಹೋಗಿ ಬರೆದುಕೊಟ್ಟೆ, ತಪ್ಪು ನಂದು ಅಂತ. ನನಗೂ ಶಿಕ್ಷೆ ಆತು. ಆದ್ರ ಅವ್ವ ಬರ್ತಾಳೇನಲೇ?”

ಅಂದಿನಿಂದ ಪ್ರತಿ ತಿಂಗಳೂ ಮಾವ ಕುರುಗೋಡಿಗೆ ಹೋಗಿ, ಆ ಮನೆಯೆದುರಿನ ಕಟ್ಟೆಯ ಮೇಲೆ ಕೂರುತ್ತಿದ್ದರಂತೆ. ಮಾಸ್ತರರು ಹೊರಗೆ ಬರುತ್ತಿರಲಿಲ್ಲ. ಮುಂದಿನ ಬಸ್ಸಿಗೆ ಇವರು ವಾಪಸ್. ಎಷ್ಟು ವರ್ಷದಿಂದ ಎಂದು ಕೇಳಿದರೆ, “ನಿನ್ನ ಮದುವಿ ಹಿಂದಿನ ವರ್ಷದಿಂದ.” ನನ್ನ ಮಗಳು ಈಗ ಕಾಲೇಜಿಗೆ ಹೋಗುತ್ತಿದ್ದಾಳೆ.

“ಅದಕ್ಕ ಭೋಜನದ ಹೊತ್ತಿಗೆ...”

“ಅವ ಒಪ್ಪೋತನಕ ನನಗ ಅಲ್ಲಿ ಏನು ಕೆಲಸ? ಚಪ್ಪಲಿ ಕಾದ್ರ ಅದಾದ್ರೂ ಉಪಯೋಗ.”

ನಾನು ರಸ್ತೆ ನೋಡಿಕೊಂಡು ಕಾರು ನಡೆಸಿದೆ. ಬೇರೆಲ್ಲೂ ನೋಡುವಂತಿರಲಿಲ್ಲ.

ಕಾರು ಹೊಗೆ ಬಿಡಲಿಲ್ಲ. ಮೊಣಕಾಲು ಹಿಡಿದುಕೊಳ್ಳಲಿಲ್ಲ. ಶಿಲುಬೆಯನ್ನು ಒಂದು ಮೇಕೆಯ ಹೊರತು ಯಾರೂ ನೋಡಲಿಲ್ಲ. ಕೋಲೂರಿಕೊಂಡಿದ್ದ ಮಾವನನ್ನು ತೋಳು ಹಿಡಿದು ಕಟ್ಟೆಯ ಕಡೆ ನಡೆಸುತ್ತಿದ್ದಾಗ ಎದುರಿನ ಬಾಗಿಲು ತೆರೆಯಿತು. ಹಣೆಯ ತುಂಬ ವಿಭೂತಿ ಧರಿಸಿದ ಹಿರಿಯರೊಬ್ಬರು ಹೊಸ್ತಿಲಲ್ಲಿ ನಿಂತಿದ್ದರು. ಮಾವನ ಕೋಲನ್ನು ನೋಡಿದರು, ಕಾರನ್ನು ನೋಡಿದರು.

“ಹನ್ನೊಂದರ ಬಸ್ಸಿನಾಗ ಇಳೀಲಿಲ್ಲ ನೀ,” ಎಂದರು. “ಹನ್ನೆರಡರದ್ರಾಗೂ ಇಳೀಲಿಲ್ಲ.”

“ಮೊಣಕಾಲು...” ಎಂದರು ಮಾವ.

“ನಾ ಏನೇನೋ ಅಂದ್ಕೊಂಡೆ.” ಅವರು ಹೊಸ್ತಿಲಿನಿಂದ ಪಕ್ಕಕ್ಕೆ ಸರಿದರು. “ಒಳಗ ಬಾ. ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಮಾಡ್ಯಾರ. ಆರಿ ಹೋಗ್ತಾವ.”

ಊರಿನವರನ್ನೆಲ್ಲ ಕ್ಷಮೆ ಕೇಳಿದ ಮಾವ ಅಲ್ಲಿ ಕ್ಷಮೆ ಕೇಳುವುದನ್ನೇ ಮರೆತರು. ಮಂಡಕ್ಕಿಯ ತಟ್ಟೆ ಹಿಡಿದು ಅಳುತ್ತಾ ತಿಂದರು. ಮಾಸ್ತರರು ಅವರ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕಿ, “ಖಾರ ಹತ್ತೇತಿ ಅವಗ, ನೀರು ಕೊಡ್ರಿ” ಎಂದು ಒಳಗೆ ಕೂಗಿದರು.

ಮರುದಿನ ಚರ್ಚಿನಲ್ಲಿ ಎಲ್ಲರೂ ಭೋಜನಕ್ಕೆ ಎದ್ದರು. ಮಾವನೂ ಎದ್ದರು. ಬಾಗಿಲ ಕಡೆಗಲ್ಲ, ಮುಂದಕ್ಕೆ. ಕೋಲೂರಿಕೊಂಡು ಹೋಗಿ, ಅದನ್ನು ಕಂಕುಳಲ್ಲಿ ಸಿಕ್ಕಿಸಿ ಎರಡೂ ಕೈ ಚಾಚಿದರು. ಕೋಲು ಜಾರಿ ಗುಟುಕು ಚೆಲ್ಲೀತೆಂದು ನಾನು ಹೆದರಿದೆ. ಚೆಲ್ಲಲಿಲ್ಲ.

ಆರಾಧನೆ ಮುಗಿದು ಹೊರಗೆ ಬಂದಾಗ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಖಾಲಿ ಇತ್ತು. ಅದರ ಮುಂದೆ, ಹೋದ ವಾರವಷ್ಟೇ ಕೊಂಡ ನನ್ನ ಚರ್ಮದ ಚಪ್ಪಲಿ ಇರಬೇಕಾದ ಜಾಗವೂ ಖಾಲಿ ಇತ್ತು.