ಹಜ್ಜಿಯಾರ ಟೆಕ್ಸಾಸ್ ಎಣ್ಣೆ

ಲೆಕ್ಕ ಬರೆಯುವವರ ಹಣೆಬರಹವೇ ಇಷ್ಟು. ಯಾರಿಗೆ ಯಾವ ಲೆಕ್ಕ ಬಗೆಹರಿಯದಿದ್ದರೂ ಅದು ಕೊನೆಗೆ ನಮ್ಮ ಮೇಜಿಗೇ ಬಂದು ಬೀಳುತ್ತದೆ. ಕುವೈತಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾರಿನ ಸ್ಪೇರ್‌ಪಾರ್ಟ್ಸ್ ಮಾರುವ ಅಂಗಡಿಯೊಂದರಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಅಕೌಂಟೆಂಟ್. ಬ್ರೇಕ್ ಪ್ಯಾಡು, ಫ್ಯಾನ್ ಬೆಲ್ಟುಗಳ ನಡುವೆ ಕೂತು ಪಕ್ಕದ ಗ್ಯಾರೇಜಿನ ಪಠಾಣನ ಮಗಳ ಮದುವೆಗೆ ಎಷ್ಟು ಅಕ್ಕಿ ಬೇಕೆಂದು ಲೆಕ್ಕ ಹಾಕಿಕೊಟ್ಟಿದ್ದೇನೆ. ಮಂಗಫ್‌ನಲ್ಲಿ ನಾವಿರುವ ಕಟ್ಟಡದ ಲಿಫ್ಟ್ ರಿಪೇರಿಯಾದಾಗ ಯಾವ ಮಹಡಿಯವರು ಎಷ್ಟು ಕೊಡಬೇಕೆಂದು ಪಾಲು ಮಾಡಿ ಎರಡನೇ ಮಹಡಿಯವರು ನನ್ನೊಡನೆ ಮಾತು ಬಿಡುವ ಹಾಗೆ ಮಾಡಿಕೊಂಡಿದ್ದೇನೆ. ಆದರೆ ಎಣ್ಣೆಬಾವಿಯ ಲೆಕ್ಕ ಬಂದದ್ದು ಒಂದೇ ಸಲ.

ಬಿಸ್ಕತ್ತಿನ ಡಬ್ಬ

ನಮ್ಮ ಮಾಲೀಕರಿಗೆ ಒಬ್ಬ ಅಕ್ಕ ಇದ್ದಾರೆ. ಎಪ್ಪತ್ತೈದು ದಾಟಿದ ಹೆಂಗಸು, ಗಂಡ ತೀರಿಹೋಗಿ ಎರಡು ವರ್ಷ. ಅಂಗಡಿಯಲ್ಲಿ ಎಲ್ಲರೂ ಅವರನ್ನು ಹಜ್ಜಿಯಾ ಅನ್ನುತ್ತೇವೆ. ಹಜ್ ಮುಗಿಸಿದ ಹಿರಿಯ ಹೆಂಗಸರನ್ನು ಇಲ್ಲಿ ಕರೆಯುವುದೇ ಹಾಗೆ. ಅವರ ತಂದೆ ವ್ಯಾಪಾರಕ್ಕೆಂದು ಬೊಂಬಾಯಿಗೆ ಹೋಗಿಬಂದು ಮಾಡುತ್ತಿದ್ದರಂತೆ. ಹಾಗಾಗಿ ಹಜ್ಜಿಯಾರಿಗೆ ಹಿಂದಿ ಬರುತ್ತದೆ, ನನಗಿಂತ ಚೆನ್ನಾಗಿಯೇ ಬರುತ್ತದೆ.

ಒಂದು ಬೆಳಿಗ್ಗೆ ಅವರು ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬವೊಂದನ್ನು ತಂದು ನನ್ನ ಮುಂದಿಟ್ಟರು. ಒಳಗೆ ಹಳೇ ಕಾಗದಗಳು. ಅವರ ಗಂಡ ಹುಡುಗರಾಗಿದ್ದಾಗ ಓದಲೆಂದು ಟೆಕ್ಸಾಸ್‌ಗೆ ಹೋಗಿದ್ದರು, ಮದುವೆಯಾದ ಮೇಲೆ ಹೆಂಡತಿಯನ್ನೂ ಕರೆಸಿಕೊಂಡಿದ್ದರು. ಬಾಡಿಗೆಗಿದ್ದ ಮನೆಯ ಒಡತಿಗೆ ಸೋರುವ ಮಾಡು ರಿಪೇರಿ ಮಾಡಿಸಲು ಕಾಸಿರಲಿಲ್ಲ. ಅವಳಿಗೆ ಹಳ್ಳಿ ಕಡೆ ಒಂದಿಷ್ಟು ಜಮೀನಿತ್ತು. ಇವರು ಕಾಸು ಕೊಟ್ಟರು, ಅವಳು ಬದಲಿಗೆ ಇಪ್ಪತ್ತು ಎಕರೆಯ ಅಡಿಯಲ್ಲಿರುವುದನ್ನು ಬರೆದುಕೊಟ್ಟಳು. ಮೇಲಿನ ಮಣ್ಣು ಅವಳದ್ದು, ಅಡಿಯಲ್ಲಿ ಎಣ್ಣೆಯೋ ಗ್ಯಾಸೋ ಸಿಕ್ಕಿದರೆ ಅದು ಇವರದ್ದು. ಕುವೈತಿನಲ್ಲಿ ನೆಲದಡಿಯದ್ದೆಲ್ಲ ಸರ್ಕಾರದ್ದು. ಅಮೆರಿಕದಲ್ಲಿ ಅದನ್ನು ಯಾರು ಬೇಕಾದರೂ ಕೊಳ್ಳಬಹುದು, ಮಾರಬಹುದು. ಗಂಡ ಬದುಕಿದ್ದಾಗಲೇ ಅದನ್ನು ಹಜ್ಜಿಯಾರ ಹೆಸರಿಗೆ ಮಾಡಿಸಿದ್ದರು.

ಐವತ್ತು ವರ್ಷ ಅಲ್ಲಿ ಏನೂ ಆಗಲಿಲ್ಲ. ಈಗ ಒಟ್ಟಿಗೆ ಎರಡು ಕಾಗದ ಬಂದಿದ್ದವು. ಒಂದರಲ್ಲಿ ಎಣ್ಣೆ ಕಂಪನಿಯವರು, ಆ ಜಾಗದಲ್ಲಿ ಬಾವಿ ಕೊರೆದಿದ್ದೇವೆ, ನಿಮಗೆ ರಾಯಲ್ಟಿ ಬರುತ್ತದೆ ಎಂದು ಬರೆದಿದ್ದರು. ಇನ್ನೊಂದರಲ್ಲಿ ಬೇರೆ ಯಾರೋ, ಆ ಹಕ್ಕನ್ನು ನಮಗೇ ಮಾರಿಬಿಡಿ, ಇಂತಿಷ್ಟು ಡಾಲರ್ ಕೊಡುತ್ತೇವೆ, ಅರವತ್ತು ದಿನದೊಳಗೆ ಸಹಿ ಮಾಡಿ ಎಂದು ಬರೆದಿದ್ದರು.

ನಾನು ಓದಿ ಮುಗಿಸುವವರೆಗೆ ಕಾದು ಹಜ್ಜಿಯಾ ಹೇಳಿದರು: "ಬೇಟಿ, ನನಗೆ ದುಡ್ಡು ಬೇಕಾಗಿಲ್ಲ. ಈ ಕಾಗದದ ಮಾತೆತ್ತಿ ನನ್ನ ತಮ್ಮ ಐವತ್ತು ವರ್ಷ ನನ್ನ ಗಂಡನನ್ನು ನೋಡಿ ನಕ್ಕಿದ್ದಾನೆ. ಅವರು ಪೆದ್ದರೋ ಅಲ್ಲವೋ, ಅಷ್ಟು ಮಾತ್ರ ಲೆಕ್ಕ ಹಾಕಿ ಹೇಳು."

ಗಾಜಿನ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತಿದ್ದ ಮಾಲೀಕರಿಗೆ ಅದು ಕೇಳಿಸಿತು. ಕುವೈತಿನಿಂದ ವಿಮಾನ ಹತ್ತಿ ಹೋಗಿ ಎಣ್ಣೆ ಕೊಂಡವರು ಲೋಕದಲ್ಲಿ ನಮ್ಮ ಭಾವ ಒಬ್ಬರೇ ಅಂದರು. ಬರುವಾಗ ನಾಲ್ಕು ಮೂಟೆ ಮರಳು ಕೊಂಡು ತರಲಿಲ್ಲವಲ್ಲ, ಅದೇ ಪುಣ್ಯ ಅಂದರು.

ಚುಕ್ಕಿಯ ಆಚೆ

ಕಂಪನಿಯ ಕಾಗದದಲ್ಲಿ ಹಜ್ಜಿಯಾರ ಪಾಲನ್ನು ಒಂದು ಸಂಖ್ಯೆಯಲ್ಲಿ ಬರೆದಿತ್ತು: 0.00625. ಬಾವಿಗೆ ಸೇರಿದ ಜಾಗ ಒಟ್ಟು ಆರುನೂರ ನಲವತ್ತು ಎಕರೆ, ಅದರಲ್ಲಿ ಇವರದ್ದು ಇಪ್ಪತ್ತು. ಆ ಇಪ್ಪತ್ತರ ಪಾಲಿಗೆ ಬಂದ ಎಣ್ಣೆಯಲ್ಲಿ ಐದರಲ್ಲೊಂದು ಭಾಗ ಒಡೆಯರಿಗೆ, ಉಳಿದದ್ದು ಕೊರೆದವರಿಗೆ. ಗುಣಿಸಿ ಭಾಗಿಸಿದರೆ ಅದೇ ಸಂಖ್ಯೆ ಬರುತ್ತದೆ. ನಾನು ಎರಡು ಸಲ ಹಾಕಿ ನೋಡಿ ಸರಿಯಿದೆ ಅಂದೆ.

ಹಜ್ಜಿಯಾ ಕನ್ನಡಕ ಏರಿಸಿ ನೋಡಿದರು. ಚುಕ್ಕಿಯ ಈಚೆ ಏನಿದೆ ಎಂದು ಕೇಳಿದರು. ಸೊನ್ನೆ ಅಂದೆ. ಆಚೆ? ಎರಡು ಸೊನ್ನೆ, ಆಮೇಲೆ ಆರು ಅಂದೆ. ಬೇಸರ ಮಾಡಿಕೊಳ್ಳುತ್ತಾರೇನೋ ಎಂದು, ಸಾವಿರದಾರುನೂರು ಪೀಪಾಯಿ ಎಣ್ಣೆ ಬಂದರೆ ಹತ್ತು ಪೀಪಾಯಿ ನಿಮ್ಮದೇ ಎಂದು ಬಿಡಿಸಿಯೂ ಹೇಳಿದೆ.

ಅವರಿಗೆ ಬೇಸರವೇನೂ ಆಗಿರಲಿಲ್ಲ. "ನಮ್ಮ ಮದುವೆಯದ್ದೂ ಇದೇ ಲೆಕ್ಕ," ಅಂದರು. "ಮೊದಲೆರಡು ವರ್ಷ ಸೊನ್ನೆ. ಆಮೇಲೆ ಆರು ಮಕ್ಕಳು."

ಅಜ್ಜನ ಮಡಕೆ

ಮಾಲೀಕರ ಮಗ ಲಂಡನ್ನಿನಲ್ಲಿ ಎಂಬಿಎ ಮಾಡಿ ಬಂದವನು. ಶಾಲೆಯ ಯೂನಿಫಾರ್ಮಿನಲ್ಲಿ ನನ್ನ ಮೇಜಿನ ಕೆಳಗೆ ಆಡುತ್ತಿದ್ದಾಗಿನಿಂದ ನೋಡಿದ್ದೇನೆ; ಒಳ್ಳೆಯವನೇ, ಸ್ವಲ್ಪ ಅವಸರ. ಅತ್ತೆಯ ಲೆಕ್ಕವನ್ನು ತಾನೂ ಹಾಕುತ್ತೇನೆಂದು ಬಂದ. ಬಾವಿಯಿಂದ ಮೊದಲ ತಿಂಗಳು ಬಂದ ಎಣ್ಣೆಯನ್ನು ಹಿಡಿದು, ಅದನ್ನು ಹನ್ನೆರಡರಿಂದ ಗುಣಿಸಿ, ಮತ್ತೆ ಮೂವತ್ತು ವರ್ಷದಿಂದ ಗುಣಿಸಿ, ಬಣ್ಣದ ಗೆರೆ ಎಳೆದು ತೋರಿಸಿದ. ಗೆರೆ ಈ ತುದಿಯಿಂದ ಆ ತುದಿಗೆ ಮಟ್ಟಸವಾಗಿತ್ತು. ಅದರ ಮೇಲೆ ಟರ್ಕಿಯಲ್ಲಿ ಕಡಲು ಕಾಣುವ ಒಂದು ಮನೆಯನ್ನೂ ನೋಡಿಟ್ಟಿದ್ದ.

ನಾನು ಹಾಗೆ ಮಾಡಲಿಲ್ಲ. ಟೆಕ್ಸಾಸ್‌ನಲ್ಲಿ ಯಾವ ಬಾವಿಯಿಂದ ತಿಂಗಳಿಗೆ ಎಷ್ಟು ಬಂತು ಎಂಬುದನ್ನು ಸರ್ಕಾರವೇ ವೆಬ್‌ಸೈಟಿನಲ್ಲಿ ಹಾಕುತ್ತದೆ. ಹದಿನೈದು ದಿನ ಮಧ್ಯಾಹ್ನದ ಬಿಡುವಿನಲ್ಲಿ ಅಕ್ಕಪಕ್ಕದ ಬಾವಿಗಳನ್ನೆಲ್ಲ ಹುಡುಕಿ ಬರೆದುಕೊಂಡೆ. ಎಲ್ಲವೂ ಒಂದೇ ಜಾತಿ. ಮೊದಲು ಉಕ್ಕುತ್ತವೆ, ವರ್ಷ ತುಂಬುವಷ್ಟರಲ್ಲಿ ಅರ್ಧಕ್ಕಿಂತ ಕೆಳಗಿಳಿಯುತ್ತವೆ, ಆಮೇಲೆ ತೊಟ್ಟು ತೊಟ್ಟಾಗಿ ಎಷ್ಟೋ ವರ್ಷ ಬರುತ್ತಲೇ ಇರುತ್ತವೆ. ಅದರಂತೆ ತಿಂಗಳು ತಿಂಗಳು ಇಳಿಸುತ್ತ ಬಂದೆ. ಅಲ್ಲಿನ ತೆರಿಗೆ ಕಳೆದೆ, ಗ್ಯಾಸ್ ಸಾಗಿಸುವ ಖರ್ಚು ಕಳೆದೆ, ಹೊರದೇಶದವರೆಂದು ಅಮೆರಿಕದವರು ನೂರಕ್ಕೆ ಮೂವತ್ತು ಹಿಡಿದುಕೊಳ್ಳುವುದನ್ನೂ ಕಳೆದೆ. ನನ್ನ ಸಂಖ್ಯೆ ನೋಡಿ ಹುಡುಗ ನಕ್ಕ. ಅಷ್ಟು ಕಡಿಮೆಯಾದರೂ ಕೊಳ್ಳುತ್ತೇವೆ ಎಂದವರು ಹೇಳಿದ್ದ ಬೆಲೆ ಎರಡು ವರ್ಷದೊಳಗೆ ತಾನಾಗಿ ಬಂದುಬಿಡುತ್ತಿತ್ತು. ಮಾರಬೇಡಿ ಅಂದೆ.

ಎಣ್ಣೆ ಯಾಕೆ ಇಳಿಯುತ್ತದೆ ಎಂದು ಹಜ್ಜಿಯಾ ಕೇಳಿದರು. ನನ್ನ ಅಜ್ಜ ಉಡುಪಿ ಕಡೆ ತೆಂಗಿನಮರ ಹತ್ತಿ ಕಳ್ಳು ಇಳಿಸುತ್ತಿದ್ದವರು. ನನಗೆ ನೆನಪಾದದ್ದು ಅದೇ, ಬಾಯಿಗೆ ಬಂದದ್ದೂ ಅದೇ. ಆದರೆ ಕುಡಿತವೇ ನಿಷೇಧವಾದ ದೇಶದಲ್ಲಿ, ಹಜ್ ಮಾಡಿದ ಹೆಂಗಸಿನ ಮುಂದೆ ಕಳ್ಳಿನ ಮಾತು ಎತ್ತುವುದು ಹೇಗೆ? ಮರದಿಂದ ಒಂದು ಸಿಹಿ ರಸ ಬರುತ್ತದೆ ಎಂದು ಶುರು ಮಾಡಿದೆ. ಹೊಸದಾಗಿ ಕೊಯ್ದ ಹೊಂಬಾಳೆ ಮೊದಮೊದಲು ಮಡಕೆ ತುಂಬಿಸುತ್ತದೆ, ಬರಬರುತ್ತ ಅರ್ಧ ಮಡಕೆ, ಕಾಲು ಮಡಕೆ. ಮರದ ಧಣಿ ಹತ್ತುವುದೂ ಇಲ್ಲ, ಬೀಳುವುದೂ ಇಲ್ಲ, ಅವರ ಪಾಲು ಮಾತ್ರ ಮನೆಗೆ ಬರುತ್ತದೆ. ನೀವು ಆ ಧಣಿ ಅಂದೆ.

ಹಜ್ಜಿಯಾ ತಲೆಯಾಡಿಸಿದರು. ಆ ರಸ ಏನು ಮಾಡುತ್ತಿದ್ದರು ಎಂದು ಕೇಳಿದರು. ಕಾಯಿಸಿ ಬೆಲ್ಲ ಮಾಡುತ್ತಿದ್ದರು ಅಂದೆ. ಕಾಯಿಸದೆ ಇಟ್ಟರೆ? ಕೆಟ್ಟುಹೋಗುತ್ತದೆ ಅಂದೆ.

"ಕೆಟ್ಟದ್ದನ್ನು ಯಾರು ಕುಡಿಯುತ್ತಿದ್ದರು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅಜ್ಜ ಅಂದೆ.

"ಒಳ್ಳೆಯ ಮನುಷ್ಯ," ಅಂದರು ಹಜ್ಜಿಯಾ. "ಏನನ್ನೂ ಹಾಳು ಮಾಡುತ್ತಿರಲಿಲ್ಲ."

ಸೋತವನ ಸಿಹಿ

ಹಜ್ಜಿಯಾ ಸಹಿ ಮಾಡಲಿಲ್ಲ, ಅರವತ್ತು ದಿನ ಕಳೆದುಹೋಯಿತು. ಅಷ್ಟರಲ್ಲಿ ಮಾಲೀಕರು ಒಂದು ಪಂದ್ಯ ಕಟ್ಟಿದ್ದರು. ತಿಂಗಳಿಗೆ ಎಷ್ಟು ಬರುತ್ತದೆ ಎಂದು ನಾನೂ ಅವರ ಮಗನೂ ಬರೆದುಕೊಡಬೇಕು. ಯಾರ ಲೆಕ್ಕ ತಪ್ಪುತ್ತದೋ ಅವರು ಒಂದು ವಾರ ಇಡೀ ಅಂಗಡಿಗೆ ಚಹಾ ಹಂಚಬೇಕು, ಡ್ರೈವರುಗಳಿಗೂ ಸೇರಿಸಿ. ಹುಡುಗನ ಸಂಖ್ಯೆ ನನ್ನದಕ್ಕಿಂತ ಹೆಚ್ಚುಕಡಿಮೆ ಎರಡು ಪಾಲು ದೊಡ್ಡದು.

ಮೊದಲ ಚೆಕ್ ಬಂತು. ಅದು ಹುಡುಗನ ಸಂಖ್ಯೆಗಿಂತಲೂ ದೊಡ್ಡದಾಗಿತ್ತು. ಅವನು ಚೆಕ್ ನೋಡಿದ್ದೇ ತಡ, ಕಾರು ಹತ್ತಿ ಹೋಗಿ ಎರಡು ದೊಡ್ಡ ಪೆಟ್ಟಿಗೆ ಬಕ್ಲಾವಾ ಸಿಹಿ ತಂದ. ಗೋಡೌನಿನವರೆಗೆ ಎಲ್ಲರಿಗೂ ತಾನೇ ಹಂಚಿದ. ನನಗೆ ಎರಡು ಕೊಟ್ಟು, ಬೇಸರ ಮಾಡಿಕೊಳ್ಳಬೇಡಿ ಅಂದ. ಹತ್ತೊಂಬತ್ತು ವರ್ಷದಲ್ಲಿ ನನ್ನ ಲೆಕ್ಕ ಇಷ್ಟು ದೂರ ಹೋದದ್ದಿಲ್ಲ.

ಚೆಕ್ಕಿನ ಜೊತೆಗೆ ಒಂದು ಉದ್ದನೆಯ ವಿವರದ ಹಾಳೆ ಇತ್ತು. ಯಾರೂ ಅದನ್ನು ಬಿಚ್ಚಿರಲಿಲ್ಲ. ನಾನು ಬಕ್ಲಾವಾ ತಿನ್ನುತ್ತಾ ಓದಿದೆ. ಮೊದಲ ಸಲ ಕಂಪನಿಯವರು ತಿಂಗಳು ತಿಂಗಳು ಕಳಿಸುವುದಿಲ್ಲ, ಬಾಕಿಯೆಲ್ಲ ಒಟ್ಟಿಗೆ ಕಳಿಸುತ್ತಾರೆ. ಹಾಳೆಯಲ್ಲಿ ನಾಲ್ಕು ತಿಂಗಳಿದ್ದವು, ಒಂದಕ್ಕಿಂತ ಒಂದು ಕಡಿಮೆ. ನನ್ನ ಕಡತ ತೆಗೆದು ಪಕ್ಕದಲ್ಲಿಟ್ಟೆ. ನಾಲ್ಕೂ ಸೇರಿ ನನಗೂ ಕಂಪನಿಗೂ ಇದ್ದ ವ್ಯತ್ಯಾಸ ಹನ್ನೊಂದು ದೀನಾರು.

ಮಾಲೀಕರು ತಾವೇ ಕ್ಯಾಲ್ಕುಲೇಟರ್ ಹಿಡಿದು ಮೂರು ಸಲ ಕೂಡಿದರು. ಹಜ್ಜಿಯಾ ಅಲ್ಲೇ ಕೂತಿದ್ದರು. "ಈಗ ಹೇಳು," ಅಂದರು ನನಗೆ.

ಅವರ ಗಂಡ ಅಂದು ಕೊಟ್ಟದ್ದು ಹಳೇ ಕಾರೊಂದರ ಬೆಲೆ. ಈ ಒಂದು ಚೆಕ್ಕಿನಲ್ಲೇ ಅದು ಎಷ್ಟೋ ಪಟ್ಟು ತಿರುಗಿ ಬಂದಿತ್ತು. "ಅವರು ಪೆದ್ದರಲ್ಲ ಹಜ್ಜಿಯಾ," ಅಂದೆ. ಅವರು ಕೈಯಲ್ಲಿದ್ದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಬಾಯಾದ ಒಳಗಿಟ್ಟುಕೊಂಡರು. ಆಮೇಲೆ ತಮ್ಮನ ಮಗನನ್ನು, ಮನೆಯಲ್ಲಿ ಕರೆಯುವ ದನಿಯಲ್ಲಲ್ಲ, ಹೋಟೆಲಿನಲ್ಲಿ ಮಾಣಿಯನ್ನು ಕರೆಯುವ ದನಿಯಲ್ಲಿ ಕರೆದು, ತಮ್ಮ ಚಹಾಕ್ಕೆ ಸಕ್ಕರೆ ಕಡಿಮೆ ಅಂದರು.

ಗೆದ್ದವರು ಸಿಹಿ ಹಂಚುವುದು ಎಲ್ಲ ಕಡೆ ಇದೆ. ಸೋತವನೇ ಸಿಹಿ ಹಂಚಿ, ಅದರ ಮೇಲೆ ಚಹಾವನ್ನೂ ಹಂಚಿದ್ದು ನಮ್ಮ ಅಂಗಡಿಯಲ್ಲಿ ಮಾತ್ರ.

ಎಣ್ಣೆ ಕಂಡವರು

ಇದಾದ ಮೇಲೆ ಒಂದು ಸಂಜೆ ಐದು ಗಂಟೆಗೆ ಫೋನ್ ಬಂತು. ಅಲ್ಲಿ ಆಗ ಬೆಳಿಗ್ಗೆ. ಕೊಳ್ಳುತ್ತೇವೆ ಎಂದು ಕಾಗದ ಬರೆದಿದ್ದವರ ಏಜೆಂಟು. ಪಟ್ಟಿ ಹಿಡಿದು ಸಾಲಾಗಿ ಒಬ್ಬರಾದ ಮೇಲೆ ಒಬ್ಬರಿಗೆ ಫೋನ್ ಮಾಡುತ್ತಿದ್ದನೆಂದು ಕಾಣುತ್ತದೆ. ಯಾವ ದೇಶಕ್ಕೆ ಮಾಡಿದ್ದೇನೆಂಬುದನ್ನು ಗಮನಿಸಿದ ಹಾಗಿರಲಿಲ್ಲ. ಹಜ್ಜಿಯಾ, ಮಾಲೀಕರು, ಮಗ ಮೂವರೂ ಕ್ಯಾಬಿನ್ನಿನಲ್ಲಿದ್ದರು. ನಾನು ಸ್ಪೀಕರ್ ಹಾಕಿದೆ.

ಅವನು ಹಳೇ ಬೆಲೆಯ ಎರಡು ಪಟ್ಟು ಕೊಡುತ್ತೇನೆ ಅಂದ. ಹಜ್ಜಿಯಾ ಬೇಡವೆಂದು ಕೈಯಾಡಿಸಿದರು. ಮೂರು ಪಟ್ಟು ಅಂದ. ಮತ್ತೆ ಕೈಯಾಡಿಸಿದರು. ಆಗ ಅವನು ದನಿ ಮೆತ್ತಗೆ ಮಾಡಿ ಬುದ್ಧಿ ಹೇಳತೊಡಗಿದ. ಎಣ್ಣೆಯ ವ್ಯವಹಾರ ನಂಬುವಂಥದ್ದಲ್ಲ, ಇಂದು ಬೆಲೆ ಏರುತ್ತದೆ, ನಾಳೆ ಬೀಳುತ್ತದೆ, ಅದರ ನಡುವೆ ಬದುಕಿದವರಿಗೇ ಅರ್ಥವಾಗುವುದಿಲ್ಲ, ವಯಸ್ಸಾದ ಹೆಂಗಸಿಗೆ ಈ ತಲೆನೋವು ಯಾಕೆ ಅಂದ. ನಾನು ಅದನ್ನು ಹಿಂದಿಯಲ್ಲಿ ಹೇಳಲು ಹೋದರೆ ಹಜ್ಜಿಯಾ ಬೇಡ ಅಂದರು. ಆಮೇಲೆ ಅವನು ಕೇಳಿದ, ಅಮ್ಮನವರು ಜನ್ಮದಲ್ಲಿ ಎಂದಾದರೂ ಎಣ್ಣೆಬಾವಿ ನೋಡಿದ್ದಾರೆಯೇ ಎಂದು.

ಹಜ್ಜಿಯಾ ಫೋನನ್ನು ತಮ್ಮ ಕಡೆ ಎಳೆದುಕೊಂಡರು. ಅವರು ಇಂಗ್ಲಿಷ್ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಐವತ್ತು ವರ್ಷದ ಹಿಂದೆ ಆ ಮನೆಯೊಡತಿಯ ಅಡುಗೆಮನೆಯಲ್ಲಿ ಕಲಿತ ಇಂಗ್ಲಿಷು, ಅಪ್ಪಟ ಟೆಕ್ಸಾಸ್ ರಾಗದಲ್ಲಿ ಬಂತು.

"ಮಗಾ, ನಾನು ಕುವೈತಿನವಳು. ಇಲ್ಲಿ ನೀರು ಸಿಗಲಿ ಎಂದು ನೆಲ ಅಗೆದರೂ ಬರುವುದು ಅದೇ."

ಅವನು ಗಂಟಲು ಸರಿಮಾಡಿಕೊಂಡು, ತೀರಾ ಬೇರೆಯೇ ದನಿಯಲ್ಲಿ, ಹಾಗಾದರೆ ಮಾರುವುದು ಬೇಡ, ತನ್ನ ಹತ್ತಿರವೇ ಅಂಥ ನಲವತ್ತು ಎಕರೆಯ ಹಕ್ಕಿದೆ, ತಾವು ಕೊಳ್ಳುತ್ತೀರಾ ಅಂದ.

ಹಜ್ಜಿಯಾ ಬಿದ್ದು ಬಿದ್ದು ನಕ್ಕರು. ಮಾಲೀಕರ ಮಗನೂ ನಕ್ಕ, ನಾನೂ ನಕ್ಕೆ. ನಗದವರು ಒಬ್ಬರೇ. ಭಾವನನ್ನು ಐವತ್ತು ವರ್ಷ ಹಂಗಿಸಿದ ನಮ್ಮ ಮಾಲೀಕರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಅಕ್ಕನಿಗೆ ಕೇಳಿಸದ ಹಾಗೆ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಸಿಸ್ಟರ್, ಎಕರೆಗೆ ಎಷ್ಟಂತೆ ಕೇಳು."