ಅಕ್ಕಿ ತಾಟು ಮತ್ತು ಚಿಗವ್ವನ ಲೈಸನ್ಸು

ಹೆಸರಿಗೂ ಮನುಷ್ಯನಿಗೂ ಇರುವ ಸಂಬಂಧವೇನು ಎಂಬ ಗಹನವಾದ ಪ್ರಶ್ನೆಯನ್ನು ಜ್ಞಾನಿಗಳು ಯುಗಯುಗಗಳಿಂದ ಚಿಂತಿಸುತ್ತ ಬಂದಿದ್ದಾರೆ. ನಮ್ಮ ಕಾಕಾ ಅದನ್ನು ಎರಡು ಪಾಸ್‌ಪೋರ್ಟ್ ಅಳತೆಯ ಫೋಟೋ ಮತ್ತು ಒಂದು ಝೆರಾಕ್ಸ್ ಪ್ರತಿಯಲ್ಲಿ ಬಗೆಹರಿಸಬಲ್ಲರು.

ಕಾಕಾ ನನ್ನ ತಂದೆಯ ತಮ್ಮ, ಸುರಪುರದಲ್ಲಿ ವಾಸ. ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತೈದು ವರ್ಷ ಗುಮಾಸ್ತರಾಗಿದ್ದರು. ಯಾವ ಕಚೇರಿ ಎಂದು ಹೇಳಲಾರೆ, ಅವರಿನ್ನೂ ಪಿಂಚಣಿ ಪಡೆಯುತ್ತಿದ್ದಾರೆ! ಅರ್ಜಿಗಳನ್ನು ತೆಗೆದುಕೊಳ್ಳುವುದು ಅವರ ಕೆಲಸವಾಗಿತ್ತು; ವಾಪಸು ಕಳಿಸುವುದು ಅವರ ಪ್ರತಿಭೆಯಾಗಿತ್ತು. ಕೆಂಪು ಶಾಯಿಯ ಪೆನ್ನಿನಿಂದ ಅರ್ಜಿಯ ಮೂಲೆಯಲ್ಲಿ ‘ಅಪೂರ್ಣ, ಹಿಂದಿರುಗಿಸಿದೆ’ ಎಂದು ಬರೆಯುವಾಗ ಅವರ ಮುಖದ ಮೇಲೆ ಮೂಡುತ್ತಿದ್ದ ಶಾಂತಿಯನ್ನು ನಾನು ದೇವರ ಪಟಗಳಲ್ಲಿಯೂ ಕಂಡಿಲ್ಲ. ನಿವೃತ್ತಿಯ ದಿನ ಶಾಲು, ಹಾರ, ಬೆಳ್ಳಿಯ ಲೋಟ ಎಲ್ಲ ಬಂದವು. ಕಾಕಾ ತಾವಾಗಿ ಕೇಳಿ ತಂದದ್ದು ಆ ಪೆನ್ನೊಂದನ್ನೇ.

ಇಂಥವರು ಅರವತ್ತೊಂದನೆಯ ವಯಸ್ಸಿನಲ್ಲಿ ಮದುವೆಯಾದರು. ಅಲ್ಲಿಯವರೆಗೆ ಏಕೆ ಆಗಲಿಲ್ಲ? ಬಂದ ಜಾತಕಗಳೆಲ್ಲ ಅಪೂರ್ಣವಾಗಿದ್ದವಂತೆ!

ವಧು ನೀಲಮ್ಮ, ಕೆಂಭಾವಿ ಕಡೆಯ ಒಂದು ಶಾಲೆಯ ಮುಖ್ಯಗುರುಮಾತೆ. ಐವತ್ತು ದಾಟಿದವರು. ಬಸ್ ಡ್ರೈವರಾಗಿದ್ದ ತಂದೆಯನ್ನು ಕೊನೆಯವರೆಗೆ ನೋಡಿಕೊಂಡು, ಅವರು ತೀರಿಕೊಂಡ ಮರುವರ್ಷ ಮದುವೆಗೆ ಒಪ್ಪಿದವರು. ಅಪ್ಪನೇ ಪಕ್ಕದಲ್ಲಿ ಕೂತು ಕಲಿಸಿದ ಡ್ರೈವಿಂಗು. ಸ್ವಂತದ್ದೊಂದು ಸಣ್ಣ ಬಿಳಿ ಕಾರು. ಹೆಣ್ಣು ನೋಡಲು ಹೋದಾಗ ಕಾಕಾ ಕೇಳಿದ ಮೊದಲ ಪ್ರಶ್ನೆ ಇದು:

“ಗಾಡಿ ಕಾಗದ ಎಲ್ಲಾ ಬರೋಬರಿ ಅದಾವೇನ್ರಿ ಮೇಡಂ?”

“ನಂದು ಬರೋಬರಿ ಅದಾವ್ರಿ. ನಿಮ್ಮ ಲೈಸನ್ಸ್ ತೋರ್ಸ್ರಿ, ನೋಡೂಣು.”

ಕಾಕಾನ ಬಳಿ ಇದ್ದದ್ದು ಸೈಕಲ್ಲು. ಅದರ ರಸೀದಿಯನ್ನು ಅವರು ಕಾಪಿಟ್ಟಿದ್ದರು ಎನ್ನಿ. ಮದುವೆ ಗಟ್ಟಿಯಾಯಿತು.

ನಮ್ಮ ಮನೆತನದಲ್ಲಿ ಒಂದು ಪದ್ಧತಿಯುಂಟು. ಮದುವೆಯ ದಿನ ವರನಾದವನು ತಾಟಿನಲ್ಲಿ ಅಕ್ಕಿ ಹರವಿ, ಉಂಗುರದಿಂದ ವಧುವಿನ ಹೊಸ ಹೆಸರು ಬರೆಯಬೇಕು. ಬರೆದದ್ದನ್ನು ನಾವೆಲ್ಲ ಗಟ್ಟಿಯಾಗಿ ಓದಿ, ಪೇಢೆ ತಿಂದು, ಮರುದಿನ ಮರೆತು, ಆ ಅಕ್ಕಿಯನ್ನು ಬೇಯಿಸಿ ಉಣ್ಣುತ್ತೇವೆ. ನನ್ನ ತಾಯಿಗೂ ಅಂಥದೊಂದು ಹೆಸರಿದೆಯಂತೆ. ಅದೇನೆಂದು ತಂದೆಯವರಿಗೂ ನೆನಪಿಲ್ಲ. ಆದರೆ ಕಾಕಾ ಬರೆದದ್ದನ್ನು ಮರೆಯುವ ಕುಳವೇ? ‘ಭಾಗ್ಯಲಕ್ಷ್ಮಿ’ ಎಂದು ಬರೆದು, ಕೆಳಗೆ ತಾರೀಖು ಹಾಕಿ, ಅಕ್ಕಿಯಲ್ಲಿಯೇ ಸಹಿ ಮಾಡಿ, ಫೋಟೋ ತೆಗೆಸಿದರು! ಅಂದಿನಿಂದ ಒಂದು ಸಲವಾದರೂ ಆ ಹೆಸರಿನಿಂದ ಹೆಂಡತಿಯನ್ನು ಕರೆದದ್ದುಂಟೆ? ಇಲ್ಲ. ‘ಮೇಡಂ’ ಎನ್ನುತ್ತಾರೆ. ಚಹಾ ಬೇಕಾದಾಗಲೂ ಅಡುಗೆಮನೆಯ ಬಾಗಿಲಲ್ಲಿ ಅರ್ಜಿದಾರರಂತೆ ನಿಲ್ಲುತ್ತಾರೆ.

ಮದುವೆಯಾಗಿ ಮೂರು ವಾರಕ್ಕೆ, ಈಗ ನನಗೆ ಚಿಗವ್ವನಾದ ನೀಲಮ್ಮನವರ ಫೋನಿಗೆ ಸಂದೇಶ ಬಂತು: ಕಾರಿನ ವಿಮೆ ತಿಂಗಳ ಕೊನೆಗೆ ಮುಗಿಯುತ್ತದೆ. ಕಾಕಾ ಕನ್ನಡಕ ಏರಿಸಿದರು. ಶಹಾಪುರದಲ್ಲಿದ್ದ ನನಗೆ ಕರೆ ಬಂತು. ಓಡಿದೆ.

“ನೋಡು ತಮ್ಮಾ, ಪಾಲಿಸಿಯಾಗ ನೀಲಮ್ಮ ಅದ. ತಾಟಿನಾಗ ಭಾಗ್ಯಲಕ್ಷ್ಮಿ ಅದ. ಹೊಂದಂಗಿಲ್ಲ.”

“ಲೈಸನ್ಸು, ಆರ್‌ಸಿ, ಪಾಲಿಸಿ, ಮೂರರಾಗೂ ನೀಲಮ್ಮ ಅಂತಲೇ ಅದಲ್ರಿ ಕಾಕಾ. ಹೊಂದಲಾರದ್ದು ತಾಟ ಒಂದ.”

“ತಾಟ ಅಸಲು ದಾಖಲಿ! ಉಳಿದವು ಅದರ ಹಿಂದ ಬರಬೇಕು.”

ಹೆಸರುಗಳು ಹೊಂದುವ ತನಕ ಕಾರು ಅಂಗಳ ಬಿಟ್ಟು ಕದಲಬಾರದೆಂದು ಆಜ್ಞೆಯಾಯಿತು. ಕೀಲಿಕೈ ಟ್ರಂಕು ಸೇರಿತು. ಚಿಗವ್ವ ಶಾಲೆಗೆ ಬಸ್ಸಿನಲ್ಲಿ ಹೋಗತೊಡಗಿದರು. ಪಕ್ಕದ ಮನೆಯ ಆಡು ಮಾತ್ರ ಕಾರಿನ ಬಾನೆಟ್ಟಿನ ಮೇಲೆ ಹತ್ತಿ, ಯಾವ ಕಾಗದವನ್ನೂ ತೋರಿಸದೆ, ದಿನವೆಲ್ಲ ಮೆಲುಕು ಹಾಕುತ್ತಿತ್ತು.

“ನೀವು ಹೆಂಗ ಒಪ್ಪಿದ್ರಿ ಚಿಗವ್ವ?” ಎಂದೆ.

“ಹೊಸಾ ಸಂಸಾರ, ಒಂದ್ ತಿಂಗಳು ಆಟ ಆಡ್ಲಿ ಬಿಡು. ಕೊನೀ ತಾರೀಖು ದಾಟಿ ನನ್ನ ಗಾಡಿ ನಿಂತ್ರ ಮಾತ್ರ, ನಿಮ್ಮ ಕಾಕಾನ ಹೆಗಲ ಮ್ಯಾಲೆ ಕುಂತು ಸಾಲಿಗಿ ಹೋಗ್ತೀನಂತ ಹೇಳು.” ನಕ್ಕರು. ನಕ್ಕವರು ಪರ್ಸು ತೆರೆದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಲೈಸನ್ಸನ್ನು ಮುಟ್ಟಿ ನೋಡಿ, ಮತ್ತೆ ಮುಚ್ಚಿದರು. “ಆದ್ರ ಇದನ್ನ ಮುಟ್ಟದಿದ್ರ ಚಲೋ ಇತ್ತು.”

ಮೊದಲ ದಂಡಯಾತ್ರೆ ಶಹಾಪುರಕ್ಕೆ, ವಿಮೆಯ ಏಜೆಂಟ್ ರಫೀಕ್‌ಭಾಯಿಯ ಅಂಗಡಿಗೆ. ಕಾಕಾ ಮೇಜಿನ ಮೇಲೆ ಅಕ್ಕಿ ತಾಟಿನ ಫೋಟೋ ಇಟ್ಟರು. ದೊಡ್ಡದು ಮಾಡಿಸಿ ಲ್ಯಾಮಿನೇಷನ್ ಹಾಕಿಸಿದ್ದರು.

“ಏನ್ ಸಾಹೇಬ್ರ, ಊಟದ ಫೋಟೋ ತಂದೀರಿ?”

“ಹೆಸರು ಬದಲಿ ಆಗಿದ್ದಕ್ಕ ಪುರಾವೆ.”

ರಫೀಕ್‌ಭಾಯಿ ಫೋಟೋವನ್ನು ತಿರುಗಿಸಿ ಮುರುಗಿಸಿ ನೋಡಿದರು. “ಶಾದಿ ಆದ್ರ ಹೆಸರು ಬದಲಿ ಮಾಡಲೇಬೇಕಂತ ಯಾರ್ ಹೇಳ್ಯಾರ್ರಿ? ನಮ್ಮ ಬೇಗಂ ಅವರ ಅಬ್ಬಾ ಇಟ್ಟ ಹೆಸರಿನ ಮ್ಯಾಲೇ ಅದಾಳ, ನನ್ನ ಮ್ಯಾಲ ಜೋರೂ ಮಾಡ್ತಾಳ. ಬೇಕೇ ಬೇಕಂದ್ರ ಮೊದಲ ಯಾದಗಿರಿಗಿ ಹೋಗಿ ಲೈಸನ್ಸು, ಆರ್‌ಸಿ ಬದಲಿ ಮಾಡಿಸ್ರಿ. ಕೊನಿಗಿ ನನ್ನ ಬಲ್ಲಿ ಬರ್ರಿ. ನೀವು ಮಾಳಿಗಿ ಮ್ಯಾಲಿಂದ ಮನಿ ಕಟ್ಟಾಕತ್ತೀರಿ.”

ಕಾಕಾನಿಗೆ ಅವಮಾನವಾಯಿತೆ? ಇಲ್ಲ! ಕಣ್ಣುಗಳಲ್ಲಿ ಆನಂದ. ಅರ್ಜಿ ವಾಪಸು ಬಂದಿತ್ತಲ್ಲ! ಒಬ್ಬ ಹಿರಿಯ ಗವಾಯಿ ಮತ್ತೊಬ್ಬನ ಆಲಾಪ ಕೇಳಿ ತಲೆದೂಗುವಂತೆ ತಲೆದೂಗಿದರು. “ಮನಷ್ಯಾ ಕೆಲಸದಾಂವ ಅದಾನ ತಮ್ಮಾ!”

ಅವರು ಏಳುವಾಗ ರಫೀಕ್‌ಭಾಯಿ, “ನಾಮಿನಿ ಇನ್ನಾ ಅವರ ಅಪ್ಪನ ಹೆಸರಿಲೆ ಅದರಿ. ಅವರು ತೀರಿಕೊಂಡಾರಲ್ಲ, ಬದಲಿ ಮಾಡ್ಬೇಕಾದದ್ದು ಖರೇನ ಅದೊಂದು,” ಎಂದರು. ಕಾಕಾ ಕೇಳಿಸಿಕೊಳ್ಳಲಿಲ್ಲ. ಅದು ತಾಟಿನಲ್ಲಿ ಇರಲಿಲ್ಲ.

ಅವಧಿಗೆ ಎರಡು ದಿನ ಉಳಿದಿರುವಾಗ ಮೂವರೂ ಬಸ್ಸಿನಲ್ಲಿ ಯಾದಗಿರಿಗೆ ಹೋದೆವು. ಕಾಕಾನ ತೊಡೆಯ ಮೇಲೆ ಫೈಲು. ಅದರಲ್ಲಿ ಅಫಿಡವಿಟ್ಟು, ಲಗ್ನಪತ್ರಿಕೆ, ತಾಟಿನ ಫೋಟೋ ಮೂರು ಪ್ರತಿ. ಆರ್‌ಟಿಓ ಕಚೇರಿಯ ಕಿಟಕಿಯ ಆಚೆಗಿದ್ದ ತರುಣಿ ಎಲ್ಲವನ್ನೂ ತಾಳ್ಮೆಯಿಂದ ತಿರುವಿದಳು.

“ಅರ್ಜಿ ತುಂಬಿದ್ದು ಬರೋಬರಿ ಅದರಿ ಸರ್. ತಂದಿ ಹೆಸರು ತಗದು ಗಂಡನ ಹೆಸರು ಹಾಕ್ರಿ ಅಂತ ಬರದೀರಿ. ಹಳೀ ಲೈಸನ್ಸ್ ಕೊಡ್ರಿ, ಇಲ್ಲೇ ಜಮಾ ಆಗ್ತದ.”

ಚಿಗವ್ವ ಪರ್ಸಿನಿಂದ ಕಾರ್ಡು ತೆಗೆದರು. ಸೆರಗಿನಿಂದ ಎರಡೂ ಬದಿ ಒರೆಸಿ ಕಾಕಾನ ಕೈಗಿಟ್ಟರು. “ಕೊಡ್ರಿ.”

ಕೈಗೆ ಬಂದ ಕಾಗದವನ್ನು ಓದದೆ ಮುಂದಕ್ಕೆ ದಾಟಿಸುವುದು ಕಾಕಾನ ರಕ್ತದಲ್ಲಿಲ್ಲ. ಓದಿದರು. ಹೆಸರು, ಹುಟ್ಟಿದ ದಿನ, ಆಮೇಲೆ ತಂದೆಯ ಹೆಸರಿನ ಸಾಲು.

ಚಿಗವ್ವ ನನ್ನ ಕಡೆ ತಿರುಗಿ ಹೇಳಿದರು: “ಅಪ್ಪ ರಿಟೈರ್ ಆದ ಮ್ಯಾಲೆ ಕಣ್ಣು ಮಂಜಾಗಿ ಸ್ಟೇರಿಂಗ್ ಬಿಟ್ಟ. ನಾ ಸಾಲಿಂದ ಬಂದಕೂಡ್ಲೆ ಈ ಕಾರ್ಡ್ ಇಸ್ಕೊಂಡು, ತನ್ನ ಹೆಸರಿನ ಮ್ಯಾಲೆ ಬೆರಳಿಟ್ಟು, ‘ನೋಡು, ನಾ ಇನ್ನಾ ರೋಡಿನ ಮ್ಯಾಲೇ ಅದೀನಿ’ ಅಂತಿದ್ದ.”

ಕಾಕಾ ಕಿಟಕಿಯೊಳಗೆ ಕೈ ಹಾಕಿ ಅರ್ಜಿಯನ್ನು ಹಿಂದಕ್ಕೆ ಎಳೆದುಕೊಂಡರು. ಜೇಬಿನಿಂದ ಕೆಂಪು ಪೆನ್ನು ಹೊರಬಂತು.

“ಈ ಅರ್ಜಿ ಅಪೂರ್ಣ ಅದ.”

“ಇಲ್ರಿ ಸರ್, ಎಲ್ಲಾ ಅದರಿ!”

“ಮೂವತ್ತೈದು ವರ್ಷ ಇದೇ ಕೆಲಸ ಮಾಡೀನಿ ತಂಗಿ, ನನಗ ಕಲಸಬ್ಯಾಡ. ನೋಡಿಲ್ಲಿ, ತಾಟಿನ ಮ್ಯಾಲೆ ಕಚೇರಿ ಮೊಹರು, ಸಿಕ್ಕಾ ಎಲ್ಲದ?”

ತಮ್ಮ ಅರ್ಜಿಯ ಮೂಲೆಯಲ್ಲಿ ‘ಅಪೂರ್ಣ, ಹಿಂದಿರುಗಿಸಿದೆ’ ಎಂದು ಬರೆದು, ಸಹಿ ಹಾಕಿ, ತಮಗೆ ತಾವೇ ಹಿಂದಿರುಗಿಸಿಕೊಂಡರು. ಆಮೇಲೆ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹೆಂಡತಿಯ ಮುಂದೆ ಹಿಡಿದರು.

“ತಗೋರಿ ನೀಲಮ್ಮ. ಜ್ವಾಕಿಲೆ ಇಟ್ಕೋರಿ.”

ಮೇಡಂ ಎನ್ನಲಿಲ್ಲ. ಚಿಗವ್ವ ಕಾರ್ಡನ್ನು ಪರ್ಸಿಗೆ ಸೇರಿಸಿದರು.

ಬರುವಾಗ ಶಹಾಪುರದಲ್ಲಿ ಇಳಿದು ವಿಮೆ ನವೀಕರಿಸಿದೆವು. ವಾಹನದ ಮಾಲೀಕರು: ನೀಲಮ್ಮ. ನಾಮಿನಿ: ಗಂಡ.