ಹತ್ತಡಿ ದೂರ ಕೂತು ಸ್ಪೀಕರು ಆಲಿಸುವ ಬಗ್ಗೆ

ಗೃಹನಿರ್ಮಾಣ ಸೊಸೈಟಿ, ಡೊಂಬಿವಲಿ ಪೂರ್ವ
ನಾದ ನಿಯಂತ್ರಣ ಉಪಸಮಿತಿ

ಕ್ರಮಾಂಕ: ನಾನಿಉ/ಗೋಡೆ/೪/೧೯೮೪

ವಿಷಯ: ಮನೆಬಳಕೆಗೆ ಉಚ್ಚ ದರ್ಜೆಯ ಸ್ಪೀಕರುಗಳ ಆಯ್ಕೆ.

ಉಲ್ಲೇಖ: "ನಮ್ಮ ಅಡಗಿಮನ್ಯಾಗ ಮಂದಿ ಮನಿ ಗಂಡಸು ಬಂದು ಕುಂತಾನ್ರೀ" ಎಂದು ಸದಸ್ಯರೊಬ್ಬರ ಪಕ್ಕದ ಮನೆಯ ಶ್ರೀಮತಿ ಗಿರಿಜವ್ವ ಮೆಟ್ಟಿಲ ಮೇಲೆ ನಿಂತು ಸಲ್ಲಿಸಿದ ಮೌಖಿಕ ದೂರು.

೧. ಸದಸ್ಯರಾದ ಬ್ಯಾಂಕ್ ನೌಕರ ಶ್ರೀ ಸಂಕರ್ಷಣ ಇವರು ಅಂಗಡಿಯಿಂದ ಎರಡು ಜೋಡಿ ಸ್ಪೀಕರುಗಳನ್ನು ಪರೀಕ್ಷೆಗೆಂದು ತಂದಿರುತ್ತಾರೆ. ಹತ್ತಡಿ ದೂರ ಕೂತು ಕೇಳತಕ್ಕದ್ದೆಂದು ಜೊತೆಗಿದ್ದ ಪುಸ್ತಿಕೆ ವಿಧಿಸುತ್ತದೆ. ಸದರಿಯವರ ಕೋಣೆ ಎಂಟೇ ಅಡಿ ಇರುವುದರಿಂದ ಹತ್ತನೆಯ ಅಡಿಯು ಗೋಡೆಯಾಚೆ, ಗಿರಿಜವ್ವನವರ ಹಿಟ್ಟಿನ ಡಬ್ಬಿಯ ಬಳಿ ಬೀಳುವುದು ಅಳತೆಯಿಂದ ಖಚಿತಪಟ್ಟಿದೆ.

೨. ಆದ್ದರಿಂದ ಅವರು ಸದರಿ ಡಬ್ಬಿಯ ಪಕ್ಕ ಮಣೆ ಹಾಕಿಕೊಂಡು ಆಲಿಸಿರುತ್ತಾರೆ. ಮೊದಲ ಜೋಡಿಗೆ, "ತಬಲಾ ಎಷ್ಟು ಚೊಕ್ಕ ಉಂಟು ಮಾರಾಯ್ರೆ!" ಎಂದು ಕಣ್ಣು ಮುಚ್ಚಿದ್ದು ದಾಖಲಾಗಿದೆ. ಮರುದಿನ ಎರಡನೆಯದರಲ್ಲಿ ತಬಲಾ ಕೇಳಿಸದ್ದರಿಂದ ಅದನ್ನು ಹಿಂದಿರುಗಿಸಿ, ಮೊದಲನೆಯದನ್ನು ಕೊಳ್ಳಲಾಗಿದೆ.

೩. ಕೊಂಡ ಬಳಿಕ ಅದರಲ್ಲೂ ತಬಲಾ ನಿಂತಿತು. ಉಪಸಮಿತಿಯು ಸ್ಥಳ ಪರಿಶೀಲಿಸಲಾಗಿ, ರೆಕಾರ್ಡು ಬರೀ ಕೊಳಲಿನದೆಂದೂ, ಕೇಳಿಸಿದ್ದು ಗಿರಿಜವ್ವನವರು ಜೋಳದ ರೊಟ್ಟಿ ಬಡಿದ ಸದ್ದೆಂದೂ, ಉಳಿದ ದಿನ ಅವರು ಅನ್ನ ಮಾಡಿದ್ದರೆಂದೂ ಕಂಡುಬಂದಿದೆ.

೪. ಸತ್ಯ ತಿಳಿದ ಮೇಲೂ ಸಂಕರ್ಷಣರಿಗೆ ರೊಟ್ಟಿಯಿಲ್ಲದ ಕೊಳಲು ರುಚಿಸದಾಗಿದೆ. "ಕೈ ಸೋತಾವ್ರೀ. ಹಿಟ್ಟು ನೀವ ನಾದಿ ಕೊಡ್ರಿ, ಬಡೀತೀನಿ" ಎಂದು ದೂರುದಾರರು ಹೇಳಿಕೆ ನೀಡಿದ್ದಾರೆ. ಅದರಂತೆ ಕೇಳುಗರೇ ಹಿಟ್ಟು ನಾದತಕ್ಕದ್ದು. ನಿಧಾನ ಲಯದ ವಿಲಂಬಿತಕ್ಕೆ ದಪ್ಪ ರೊಟ್ಟಿ, ಚುರುಕಿನ ದ್ರುತಕ್ಕೆ ತೆಳ್ಳನೆಯದು. ರೊಟ್ಟಿ ಹರಿದರೆ ರಾಗವನ್ನು ಮೊದಲಿನಿಂದ ನುಡಿಸತಕ್ಕದ್ದು.

೫. "ಇವರು ಅಲ್ಲೇ ಉಂಡು ಬರ್ತಾರೆ. ನಾನೊಬ್ಬಳು ಆ ಪೆಟ್ಟಿಗೆಗಳ ಮುಖ ನೋಡಿಕೊಂಡು ಕೂರುವುದಾ?" ಎಂದು ಸಂಕರ್ಷಣರ ಪತ್ನಿ ಶ್ರೀಮತಿ ವೇದಾವತಿ ಆಕ್ಷೇಪಿಸಿದ ಕಾರಣ ಅವರಿಗೂ ಅದೇ ಅಡುಗೆಮನೆಯಲ್ಲಿ ಮಣೆ ಮಂಜೂರಾಗಿದೆ. ಬರುವಾಗ ಸಾರು ತರತಕ್ಕದ್ದು.

೬. ಇದರಿಂದ ಸ್ಪೀಕರಿರುವ ಮನೆಯಲ್ಲಿ ರೆಕಾರ್ಡು ಮಗುಚಲು ಯಾರೂ ಉಳಿಯುವುದಿಲ್ಲ. ಸ್ವಂತ ಅಡುಗೆಮನೆಯಲ್ಲಿ ಜಾಗ ಕಳೆದುಕೊಂಡ ಗಿರಿಜವ್ವನವರ ಪತಿ ಶ್ರೀ ವೀರಭದ್ರಪ್ಪ ಇವರನ್ನು ಈ ಮೂಲಕ ಅಲ್ಲಿಗೆ ನಿಯೋಜಿಸಲಾಗಿದೆ. ಲೋಕಲ್ ರೈಲು ದುರಸ್ತಿಯ ಗದ್ದಲದ ನಡುವೆ ಕಳವಾ ಕಾರ್‌ಶೆಡ್ಡಿನಲ್ಲಿ ದುಡಿಯುವ ಅವರು ಎರಡು ಸ್ಪೀಕರುಗಳ ನಡುವೆ ಕಾಲು ಚಾಚಿ, "ಇಷ್ಟ ಶಾಂತ ಜಾಗಾ ಎಲ್ಲಿ ಸಿಗತೈತ್ರೀ" ಎಂದು ಸಮ್ಮತಿಸಿರುತ್ತಾರೆ.

(ಸಹಿ)
ಸರ್ವೋತ್ತಮ
ಕಾರ್ಯದರ್ಶಿ, ನಾದ (ಹೆಚ್ಚುವರಿ ಹೊಣೆ: ರೊಟ್ಟಿ)

ಪ್ರತಿಗಳು:
೧. ಶ್ರೀಮತಿ ಗಿರಿಜವ್ವ: ಕೈ ತೊಳೆದ ನಂತರ ಓದಲು.
೨. ಸ್ಪೀಕರಿನ ಅಂಗಡಿ: ಪುಸ್ತಿಕೆಯಲ್ಲಿ ಜೋಳದ ವಿಷಯ ಸೇರಿಸಲು.
೩. ಶ್ರೀ ವೀರಭದ್ರಪ್ಪ: ಎಚ್ಚರವಾದ ಮೇಲೆ ಕೊಡತಕ್ಕದ್ದು. ರೆಕಾರ್ಡು ಮುಗಿದು ಬಹಳ ಹೊತ್ತಾಗಿದೆ.